ಹಿತ್ತಲಿನ ಪದ್ಮಿನಿ: ಬೆಳಗಾವಿಯ ಮನೆಯೊಂದರಲ್ಲಿ 1978ರ ಕಾರಿನ ಜೀರ್ಣೋದ್ಧಾರ ಮತ್ತು ಅದರ ಲೆಕ್ಕ

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ 2018ರ ಡಿಸೆಂಬರಿನಿಂದ ನಿಂತಲ್ಲೇ ನಿಂತಿದ್ದ ಪ್ರೀಮಿಯರ್ ಪದ್ಮಿನಿ ಕಾರನ್ನು ನಾನು ಮತ್ತು ನನ್ನ ತಮ್ಮ 2022ರ ಅಕ್ಟೋಬರಿನಲ್ಲಿ ಬಿಚ್ಚತೊಡಗಿ, 2025ರ ಜನವರಿಯಲ್ಲಿ ಮತ್ತೆ ರಸ್ತೆಗೆ ಇಳಿಸಿದೆವು. ಕೆಲಸ ಶುರು ಮಾಡುವ ಹಿಂದಿನ ರಾತ್ರಿ ನಾನು ಹಾಕಿದ ಅಂದಾಜು 1,85,000 ರೂಪಾಯಿ. ಕೊನೆಗೆ ಖರ್ಚಾದದ್ದು 3,73,000 ರೂಪಾಯಿ, ಅಂದರೆ ಅಂದಾಜಿನ ದುಪ್ಪಟ್ಟು ಮತ್ತು ಅದರ ಮೇಲೆ ಮೂರು ಸಾವಿರ. ಉದ್ಯಮಬಾಗದ ಸಣ್ಣ ಕಾರ್ಖಾನೆಗಳ ಸಾಲದ ಅರ್ಜಿಗಳನ್ನು ಪರಿಶೀಲಿಸುವ ಬ್ಯಾಂಕ್ ನೌಕರಿಯಲ್ಲೇ ಆಯುಷ್ಯದ ಬಹುಭಾಗ ಕಳೆದ ನನಗೆ ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ನೋಡದೆ ಸಮಾಧಾನವಾಗಲಿಲ್ಲ. ಮನೆಯಲ್ಲಿ ಹಳೆಯ ಕಾರೊಂದನ್ನು ಇಟ್ಟುಕೊಂಡು ಇದೇ ಕೆಲಸಕ್ಕೆ ಕೈಹಾಕಬೇಕೆಂದಿರುವವರಿಗೆ ಈ ವಿವರಗಳು ಉಪಯೋಗಕ್ಕೆ ಬಂದಾವು ಎಂಬ ಉದ್ದೇಶದಿಂದ ಖಾತೆ ಪುಸ್ತಕವನ್ನು ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾರಿಗೆ ಒಂದು ಬಜೆಟ್ ಸಾಲದು, ಎರಡು ಬೇಕು. ಮೊದಲನೆಯದು ಬರೀ ಬಿಚ್ಚಿ ನೋಡುವುದಕ್ಕೆ, ಎರಡನೆಯದು ನೋಡಿದ ಮೇಲೆ ಕಟ್ಟುವುದಕ್ಕೆ. ಬಿಚ್ಚುವ ಮುಂಚೆ ಹಾಕಿದ ಅಂದಾಜನ್ನು ಬಜೆಟ್ ಎಂದು ನಂಬಿ ಹಣ ಕೊಡಲು ಆರಂಭಿಸಿದವರು ನಡುದಾರಿಯಲ್ಲಿ ನಿಲ್ಲುತ್ತಾರೆ. ಅರ್ಧ ಬಿಚ್ಚಿದ ಕಾರುಗಳು ಶೆಡ್ಡುಗಳಲ್ಲಿ ಮುರುಕು ಕಬ್ಬಿಣವಾಗುವುದಕ್ಕೆ ಆಸಕ್ತಿ ಬತ್ತಿದ್ದಕ್ಕಿಂತ ಹೆಚ್ಚಾಗಿ ಈ ತಪ್ಪು ಲೆಕ್ಕವೇ ಕಾರಣವೆಂದು ನನಗೆ ಈಗ ಖಚಿತವಾಗಿದೆ.

ಕಾರು ಮತ್ತು ಅದರ ಸ್ಥಿತಿ

ಫಿಯೆಟ್ ಕಂಪನಿಯ ಪರವಾನಗಿಯಲ್ಲಿ ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿದ್ದ ಈ ಕಾರು 1964ರಲ್ಲಿ 1100 ಡಿಲೈಟ್ ಎಂಬ ಹೆಸರಿನಿಂದ ಬಂದು, 1974ರಲ್ಲಿ ಪದ್ಮಿನಿ ಎಂದಾಯಿತು. ನಾಲ್ಕು ಸಿಲಿಂಡರಿನ 1089 ಸಿಸಿ ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಇರುವ ಗೇರ್ ಹಿಡಿಕೆ, ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕು, ಹಿಂದೆ ಪಟ್ಟಿ ಸ್ಪ್ರಿಂಗು. ನಮ್ಮದು 1978ರ ನವೆಂಬರಿನಲ್ಲಿ ನೋಂದಣಿಯಾದದ್ದು. ಅಪ್ಪ ಅದನ್ನು 1985ರಲ್ಲಿ ಎರಡನೆಯ ಕೈಯಿಂದ ಕೊಂಡು, 2018ರವರೆಗೆ ತಾವೇ ಓಡಿಸಿದರು. ಗೋಕಾಕಿಗೆ, ಸವದತ್ತಿಗೆ, ಅಂಬೋಲಿ ಘಟ್ಟಕ್ಕೆ ನಮ್ಮ ಮನೆಯ ಎಲ್ಲ ಪ್ರಯಾಣಗಳೂ ಅದರಲ್ಲೇ ಆದವು. 2019ರಲ್ಲಿ ಅಪ್ಪ ತೀರಿಕೊಂಡ ಮೇಲೆ ಕಾರಿನ ಬಾಗಿಲನ್ನು ಯಾರೂ ತೆಗೆಯಲಿಲ್ಲ.

ಲೆಕ್ಕದ ದೃಷ್ಟಿಯಿಂದ ಈ ಕಾರಿನ ವಿಷಯದಲ್ಲಿ ಒಂದು ಸಂಗತಿ ಉಳಿದೆಲ್ಲಕ್ಕಿಂತ ಮುಖ್ಯ. ಜೀಪಿಗೆ ಇರುವಂತೆ ಪದ್ಮಿನಿಗೆ ಪ್ರತ್ಯೇಕ ಚಾಸಿ, ಅಂದರೆ ಭಾರ ಹೊರುವ ಅಡಿಯ ಚೌಕಟ್ಟು, ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಪಟ್ಟಿಗಳು, ಕಂಬಗಳು, ಛಾವಣಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ತಾವೇ ಭಾರ ಹೊರುತ್ತವೆ. ಚಾಸಿ ಇರುವ ಗಾಡಿಯಲ್ಲಿ ಜಂಗು ತಿಂದ ತಗಡು ನೋಟಕ್ಕೆ ಸಂಬಂಧಿಸಿದ ದೋಷ. ಪದ್ಮಿನಿಯಲ್ಲಿ ಅದು ಎಲುಬು ಸವೆದ ಹಾಗೆ.

ಮೊದಲ ಅಂದಾಜು

ಆ ರಾತ್ರಿ ನಾನು ಬರೆದದ್ದು ಹೀಗಿತ್ತು: ಎಂಜಿನ್ನಿಗೆ 45,000, ಬಾಡಿ ಮತ್ತು ಬಣ್ಣಕ್ಕೆ 60,000, ಬ್ರೇಕು-ಸಸ್ಪೆನ್ಶನ್ನಿಗೆ 20,000, ವೈರಿಂಗಿಗೆ 12,000, ಸೀಟು ಮತ್ತು ಒಳಗಿನ ಕೆಲಸಕ್ಕೆ 18,000, ಟೈರು-ಬ್ಯಾಟರಿಗೆ 22,000, ಕಾಗದಪತ್ರಕ್ಕೆ 8,000. ಎಂಜಿನ್ ಜಾಮ್ ಆಗಿದ್ದರಿಂದ ನನ್ನ ಭಯವೆಲ್ಲ ಎಂಜಿನ್ನಿನ ಮೇಲಿತ್ತು. ಬಾಡಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಚಾಲಕನ ಬಾಗಿಲ ಕೆಳಗೆ ಬಣ್ಣ ಉಬ್ಬಿದ ನಾಲ್ಕು ಗುಳ್ಳೆಗಳನ್ನು ಬಿಟ್ಟರೆ ಬೇರೆ ಕಲೆ ಇರಲಿಲ್ಲ. ಹತ್ತಿರದ ಒಂದು ಗ್ಯಾರೇಜಿನವರು ಸುತ್ತ ಒಂದು ಸುತ್ತು ಹಾಕಿ, ಟಿಂಕರಿಂಗು, ಬಣ್ಣ ಎಲ್ಲ ಸೇರಿ 55,000 ಎಂದು ಹೇಳಿದ್ದರು. ನಾನು ಅದಕ್ಕೆ ಐದು ಸಾವಿರ ಸೇರಿಸಿ ಬರೆದುಕೊಂಡಿದ್ದೆ.

ಈ ಪಟ್ಟಿಯಲ್ಲಿ ಅಂಕಿಗಳು ತಪ್ಪಾದದ್ದಕ್ಕಿಂತ ದೊಡ್ಡ ದೋಷವೆಂದರೆ ಕೆಲವು ಬಾಬ್ತುಗಳೇ ಇರಲಿಲ್ಲ. ಗೇರ್‌ಬಾಕ್ಸು, ಪೆಟ್ರೋಲ್ ಟ್ಯಾಂಕು ಮತ್ತು ಅದರ ಕೊಳವೆಗಳು, ಬಂಪರಿನ ಕ್ರೋಮು, ಬಿಡಿಭಾಗ ತರಲು ಊರೂರು ಅಲೆಯುವ ಖರ್ಚು, ಬಿಚ್ಚಿ ನೋಡುವ ಖರ್ಚು, ಇವು ಯಾವುವೂ ನನಗೆ ಹೊಳೆದಿರಲಿಲ್ಲ. ಕೊನೆಗೆ ಈ ಐದು ಬಾಬ್ತುಗಳಿಗೇ 51,500 ರೂಪಾಯಿ ಹೋಯಿತು.

ಬಿಚ್ಚಿ ನೋಡಿದ್ದು

ನಮ್ಮ ಪುಣ್ಯಕ್ಕೆ, 55,000ದ ಮಾತಿಗೆ ಮುಂಗಡ ಕೊಡುವ ಮುಂಚೆ ಅಪ್ಪನ ಕಾಲದಿಂದಲೂ ಈ ಕಾರಿನ ಕೆಲಸ ಮಾಡುತ್ತಿದ್ದ ಶಹಾಪುರದ ಮಿಸ್ತ್ರಿಯವರನ್ನು ಮನೆಗೆ ಕರೆದೆವು. ಎಪ್ಪತ್ತು ದಾಟಿದ ಅವರು ಈಗ ಗ್ಯಾರೇಜು ನಡೆಸುವುದಿಲ್ಲ. ಅವರು ಬಾನೆಟ್ ತೆಗೆಯಿರಿ ಎನ್ನಲಿಲ್ಲ. ಒಂದು ಅಯಸ್ಕಾಂತ ಕೇಳಿದರು. ಅದನ್ನು ಕರವಸ್ತ್ರದಲ್ಲಿ ಸುತ್ತಿ, ಬಣ್ಣಕ್ಕೆ ಗೀರು ಬೀಳದಂತೆ, ಮಡ್‌ಗಾರ್ಡಿನಿಂದ ಬಾಗಿಲ ಕೆಳಗಿನವರೆಗೆ ನಿಧಾನವಾಗಿ ಎಳೆಯುತ್ತ ಹೋದರು. ಮೇಲ್ಭಾಗದಲ್ಲಿ ಅಯಸ್ಕಾಂತ ಗಟ್ಟಿಯಾಗಿ ಹಿಡಿಯುತ್ತಿತ್ತು. ಬಾಗಿಲ ಕೆಳಗಿನ ಪಟ್ಟಿಗೆ ಬಂದಾಗ ಒಮ್ಮೆಲೇ ಜಾರಿ ಕೈಗೆ ಬಂತು. ಅಲ್ಲಿ ತಗಡಿನ ಮೇಲೆ ದಪ್ಪ ಪುಟ್ಟಿ ಇತ್ತು. ಬೆರಳಿನ ಗೆಣ್ಣಿನಿಂದ ಬಡಿದರೆ ಮೇಲೆ ಠಣ್ ಎನ್ನುತ್ತಿದ್ದುದು ಇಲ್ಲಿ ದಬ್ ಎನ್ನುತ್ತಿತ್ತು. ಆಮೇಲೆ ಒಳಗೆ ಕಾಲಿಡುವ ಜಾಗದ ಮ್ಯಾಟ್ ಎತ್ತಿಸಿದರು. ಅದರ ಕೆಳಗಿನ ನಾರಿನ ಹಾಸು ಅಕ್ಟೋಬರ್ ಕೊನೆಯಲ್ಲೂ ಹಸಿಯಾಗಿತ್ತು, ಹಿಂಡಿದರೆ ನೀರು ಬರುವಷ್ಟು. ಸ್ಕ್ರೂಡ್ರೈವರಿನ ತುದಿಯನ್ನು ಮೆಲ್ಲಗೆ ಒತ್ತಿದರು. ಅದು ಹಪ್ಪಳದಲ್ಲಿ ಇಳಿದ ಹಾಗೆ ನೆಲದಲ್ಲಿ ಇಳಿದು, ಕೆಳಗಿನ ಶೆಡ್ಡಿನ ಮಣ್ಣಿಗೆ ತಾಗಿತು.

"ಸಾಹೇಬ್ರ, ನೀವು ಎಂಜಿನ್ನಿಗೆ ಯಾಕ ಹೆದರತೀರಿ?" ಎಂದರು. "ಎಂಜಿನ್ ಬಿಚ್ಚಿದ್ರ ಎಲ್ಲಾ ಟೇಬಲ್ ಮ್ಯಾಲೆ ಬರತೈತಿ, ಎಣಿಸಬಹುದು. ಪತ್ರಾದಾಗ ಏನೈತಿ ಅನ್ನೂದು ಕೊಯ್ಯೂತನಾ ತಿಳಿಯಂಗಿಲ್ಲ."

ಪತ್ರಾ ಎಂದರೆ ತಗಡು. ಈ ಮಾತಿನ ಮೇಲೆಯೇ ನಮ್ಮ ಮುಂದಿನ ಯೋಜನೆಯೆಲ್ಲ ನಿಂತಿತು. ಎಂಜಿನ್ನಿನ ಸವೆತವನ್ನು ಅಳೆಯಬಹುದು, ಅಳತೆಗೆ ತಕ್ಕ ಬಿಡಿಭಾಗಕ್ಕೆ ಬೆಲೆ ಇರುತ್ತದೆ, ಲೇತ್ ಕೆಲಸಕ್ಕೆ ಒಂದು ದರ ಇರುತ್ತದೆ. ತಗಡಿನ ಕೆಲಸಕ್ಕೆ ಅಂಥ ಗಡಿ ಇಲ್ಲ. ಮಳೆಗಾಲದಲ್ಲಿ ಖಾನಾಪುರದ ಕಡೆಯಿಂದ ಬೀಸುವ ಗಾಳಿಮಳೆ ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹಿಡಿಯುತ್ತದೆ. ಒಣಗಿ ಬಿರುಕುಬಿಟ್ಟ ಗಾಜಿನ ರಬ್ಬರಿನ ಮೂಲಕ ನೀರು ಒಳಗಿಳಿದು ನಾರಿನ ಹಾಸಿನಲ್ಲಿ ನಿಲ್ಲುತ್ತದೆ, ಪೆಟ್ಟಿಗೆಯಾಕಾರದ ಪಟ್ಟಿಗಳ ನೀರಿಳಿಯುವ ತೂತುಗಳು ಮಣ್ಣಿನಿಂದ ಮುಚ್ಚಿಹೋಗಿ ಒಳಗಿನಿಂದಲೇ ಜಂಗು ಹೊರಕ್ಕೆ ಬರುತ್ತದೆ. ಬಣ್ಣದ ಮೇಲೆ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗಿನ ತಗಡು ಬಹುಪಾಲು ಮುಗಿದಿರುತ್ತದೆ. ಕಾರು ನಿಂತ ನಾಲ್ಕು ವರ್ಷಗಳಲ್ಲಿ ಆದ ಹಾನಿ ಇದಲ್ಲ. ಅಪ್ಪ ಓಡಿಸುತ್ತಿದ್ದ ಕಾಲದಲ್ಲೇ ಯಾರೋ ಪುಟ್ಟಿ ಮೆತ್ತಿ ಮುಚ್ಚಿದ್ದ ಹಾನಿ. 55,000ದ ಕೆಲಸವೂ ಅದರ ಮೇಲೆ ಇನ್ನೊಂದು ಪದರ ಪುಟ್ಟಿಯೇ ಆಗುತ್ತಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಹಾಗಾಗಿ ನಾನು ಹಳೆಯ ಪಟ್ಟಿಯನ್ನು ಹೊಡೆದುಹಾಕಿ, ಬಿಚ್ಚಿ ನೋಡುವುದಕ್ಕೆಂದೇ 10,000 ರೂಪಾಯಿ ತೆಗೆದಿಟ್ಟೆ. ಅಷ್ಟು ಖರ್ಚಾದ ಮೇಲೆ ಕಾರನ್ನು ಹಾಗೆಯೇ ಮಾರಿಬಿಡುವ ನಿರ್ಧಾರವನ್ನೂ ತೆಗೆದುಕೊಳ್ಳಬಹುದು ಎಂದು ಮನೆಯವರೆಲ್ಲರಿಗೂ ಹೇಳಿಟ್ಟೆ. ಇದು ಮುಖ್ಯ. ನಿಲ್ಲಿಸುವ ಅವಕಾಶ ಎಲ್ಲಿದೆ ಎಂಬುದು ಹಣ ಹಾಕುವ ಮುಂಚೆಯೇ ಎಲ್ಲರಿಗೂ ಗೊತ್ತಿರಬೇಕು.

ನವೆಂಬರಿನಿಂದ 2023ರ ಫೆಬ್ರುವರಿಯವರೆಗೆ, ಶನಿವಾರ-ರವಿವಾರ ಮಾತ್ರ, ನಾನು ಮತ್ತು ತಮ್ಮ ಕಾರನ್ನು ಬಿಚ್ಚಿದೆವು. ಕಬ್ಬಿಣದ ನಾಲ್ಕು ಸ್ಟ್ಯಾಂಡು ಕೊಂಡೆವು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಬಾರದೆಂಬುದು ಮೊದಲ ದಿನದಿಂದಲೇ ಇದ್ದ ನಿಯಮ. ಬಿಚ್ಚಿದ ಪ್ರತಿ ಬೋಲ್ಟು, ಕ್ಲಿಪ್ಪು, ವಾಷರು ಪ್ಲಾಸ್ಟಿಕ್ ಚೀಲಕ್ಕೆ ಹೋಗಿ, ಚೀಲದ ಮೇಲೆ ಎಲ್ಲಿಯದೆಂದು ಬರೆದು, ಮೊಬೈಲಿನಲ್ಲಿ ಬಿಚ್ಚುವ ಮುಂಚಿನ ಫೋಟೊ ತೆಗೆದೆವು. ಒಟ್ಟು 214 ಚೀಲಗಳಾದವು. ಇದು ಸಮಯ ಹಾಳು ಎಂದು ಆಗ ತಮ್ಮ ಬೇಸರಪಟ್ಟಿದ್ದ. ಒಂದೂವರೆ ವರ್ಷದ ನಂತರ ಬಾಗಿಲ ಗಾಜು ಎತ್ತುವ ಯಂತ್ರವನ್ನು ಜೋಡಿಸುವಾಗ ಅದೇ ಫೋಟೊಗಳನ್ನು ನೋಡುತ್ತ ಅವನೇ ಕೂತಿದ್ದ.

ಜಾಮ್ ಆಗಿದ್ದ ಎಂಜಿನ್ನಿಗೆ ಮಿಸ್ತ್ರಿಯವರು ಹೇಳಿದ ಉಪಾಯ ಸರಳವಾದದ್ದು. ನಾಲ್ಕೂ ಪ್ಲಗ್ ತೆಗೆದು, ಡೀಸೆಲಿಗೆ ಗೇರ್ ಆಯಿಲ್‌ಗಿಂತ ತೆಳುವಾದ ಎಣ್ಣೆ ಬೆರೆಸಿ ಸಿಲಿಂಡರುಗಳಿಗೆ ಹಾಕಿ, ಒಂಬತ್ತು ದಿನ ಬಿಟ್ಟೆವು. ಸ್ಟಾರ್ಟರ್ ಮುಟ್ಟಲಿಲ್ಲ. ಕ್ರ್ಯಾಂಕಿನ ಪುಲಿಗೆ ಪಾನಾ ಹಾಕಿ ದಿನಕ್ಕೊಮ್ಮೆ ಎರಡೂ ಕಡೆಗೆ ಹಗುರವಾಗಿ ಒತ್ತಿ ನೋಡಿದೆವು. ಹತ್ತನೆಯ ದಿನ ಅದು ಒಂದು ಇಂಚಿನಷ್ಟು ಜರುಗಿತು. ಅಂಗಳದಲ್ಲಿ ಆ ಸಂಜೆ ಆದ ಸಂತೋಷ ಮುಂದೆ ಎಂಜಿನ್ ಚಾಲೂ ಆದಾಗಲೂ ಆಗಲಿಲ್ಲ. ಹೆಡ್ ತೆಗೆದ ಮೇಲೆ ಬೋರಿನ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈಯ, ಮೇಲಂಚಿನಲ್ಲಿ ಉಗುರಿಗೆ ತಾಗುವ ಏಣು ಸಿಕ್ಕಿತು. ಪಿಸ್ಟನ್ ರಿಂಗು ಓಡಾಡಿದಷ್ಟು ಭಾಗ ಸವೆದು, ಅದರ ಮೇಲಿನದು ಹಾಗೆಯೇ ಉಳಿದುದರ ಗುರುತು ಅದು. ಅದನ್ನು ಕೊರೆದು ಸಮಮಾಡುವ ಬೋರಿಂಗ್ ಅನಿವಾರ್ಯವೆಂದು ಅಲ್ಲೇ ತಿಳಿಯಿತು.

ಎರಡನೆಯ ಅಂದಾಜು

ಫೆಬ್ರುವರಿಯ ಕೊನೆಗೆ ಬಿಚ್ಚುವುದಕ್ಕೆ 9,500 ಖರ್ಚಾಗಿತ್ತು. ಕೈಯಲ್ಲಿ ಬರೀ ಬಾಡಿಯ ಗೂಡು, ಅದರಲ್ಲಿ ಎಲ್ಲೆಲ್ಲಿ ತಗಡು ಬದಲಿಸಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಹದಿನೇಳು ಜಾಗಗಳು. ಆಗ ನಾನು, ತಮ್ಮ, ಅವ್ವ, ನಮ್ಮ ಮನೆಯವರು ಒಟ್ಟಿಗೆ ಕೂತು ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದೆವು: ಈ ಕಾರು ಮುಂದೆ ಏನು ಮಾಡಬೇಕು? ಪ್ರದರ್ಶನಕ್ಕೆ ಹೋಗಬೇಕೋ, ಕಾರ್ಖಾನೆಯಿಂದ ಬಂದ ಹಾಗೆಯೇ ಕಾಣಬೇಕೋ, ಅಥವಾ ಮನೆಯವರು ಧೈರ್ಯವಾಗಿ ಕೂತು ತಿಂಗಳಿಗೆರಡು ಸಲ ಊರಾಚೆ ಹೋಗಿಬರುವಂತಿರಬೇಕೋ? ನಾವು ಮೂರನೆಯದನ್ನು ಆರಿಸಿಕೊಂಡೆವು. ಈ ಒಂದು ಸಾಲಿನಿಂದ ಮುಂದಿನ ಹತ್ತಾರು ತಕರಾರುಗಳು ತಾವೇ ಬಗೆಹರಿದವು. ಬ್ರೇಕಿನ ಪ್ರತಿಯೊಂದು ಕೊಳವೆಯೂ ಹೊಸದಾಗಬೇಕು, ಆದರೆ ಗಾಲಿಯ ಕ್ರೋಮ್ ಟೋಪಿಗಳು ಬರೀ ಪಾಲಿಶ್ ಆದರೆ ಸಾಕು. ಅವ್ವ ಒಂದೇ ಮಾತು ಸೇರಿಸಿದಳು: "ನಿಮ್ಮಪ್ಪನ ಗಾಡಿ ಬಣ್ಣ ಮಾತ್ರ ಬದ್ಲ ಮಾಡಬ್ಯಾಡ್ರಪಾ." ತಿಳಿನೀಲಿಯೇ ಉಳಿಯಿತು. ಅದರಿಂದ ಆರ್‌ಸಿಯಲ್ಲಿ ಬಣ್ಣ ತಿದ್ದಿಸುವ ಕೆಲಸವೂ ತಪ್ಪಿತು.

ಹೊಸ ಅಂದಾಜು 3,30,000 ರೂಪಾಯಿ ಆಯಿತು, ಬಿಚ್ಚುವ ಖರ್ಚೂ ಸೇರಿ. ಅದರ ಹೊರಗೆ 50,000 ಮೀಸಲು, ಅಂದರೆ ನೂರಕ್ಕೆ ಸುಮಾರು 15ರಷ್ಟು. ಮೀಸಲನ್ನು ಪ್ರತ್ಯೇಕ ಪುಟದಲ್ಲಿ ಬರೆದೆ. ಅದರಿಂದ ಹಣ ತೆಗೆಯಬೇಕಾದರೆ ಕಾರಣ ಬರೆದು ಇಬ್ಬರೂ ಸಹಿ ಮಾಡಬೇಕೆಂದು ಕಟ್ಟುಮಾಡಿಕೊಂಡೆವು. ಹಣದ ವ್ಯವಸ್ಥೆ ಹೀಗೆ: 2022ರ ಅಕ್ಟೋಬರಿನಿಂದ ಇಬ್ಬರೂ ಕೂಡಿ ತಿಂಗಳಿಗೆ 12,000 ಒಂದು ಖಾತೆಗೆ ಹಾಕುವುದು, 28 ತಿಂಗಳಿಗೆ 3,36,000, ನನ್ನ ಆರ್‌ಡಿಯೊಂದು ಮುಗಿದಾಗ ಬರುವ 40,000. ಸಾಲ ಮಾಡಲಿಲ್ಲ. ಸಾಲದ ಕಂತು ಬೆನ್ನಟ್ಟಿದರೆ ಕೆಲಸವನ್ನು ಬೇಗ ಮುಗಿಸುವ ಆತುರ ಬರುತ್ತದೆ. ಹಳೆಯ ಕಾರಿನಲ್ಲಿ ಆತುರಕ್ಕೆ ಎಷ್ಟು ದಂಡ ಎಂಬುದನ್ನು ಮುಂದೆ ಬಣ್ಣದ ವಿಷಯದಲ್ಲಿ ನಾನೇ ಕಂಡೆ.

ಈ ಹಂತದಲ್ಲಿ ಬಂಧುವೊಬ್ಬರು ಒಂದು ಸಲಹೆ ಕೊಟ್ಟರು. ಹಳೆಯ ಎಂಜಿನ್ ಬಿಟ್ಟು, ಗುಜರಿಯಲ್ಲಿ ಸಿಗುವ ಮಾರುತಿ ಎಂಜಿನ್ ಕೂಡಿಸಿದರೆ ಖರ್ಚೂ ಕಡಿಮೆ, ಓಟವೂ ಚೆಂದ ಎಂಬುದು ಅವರ ವಾದ. ಮೊದಲ ನೋಟಕ್ಕೆ ಅದರಲ್ಲಿ ತಿರುಳಿತ್ತು. ಆದರೆ ಎಂಜಿನ್ ಬದಲಿಸಿದರೆ ಆರ್‌ಟಿಒ ಅನುಮತಿ ಬೇಕು, ಗೇರ್‌ಬಾಕ್ಸಿನ ಜೋಡಣೆಗೆ ಹೊಸ ಪ್ಲೇಟು ಬೇಕು, ಎಂಜಿನ್ ಕೂರುವ ಆಧಾರಗಳನ್ನು ಕೊಯ್ಯಬೇಕು. ಇದಕ್ಕಿಂತ ದೊಡ್ಡ ಕಾರಣವೊಂದಿತ್ತು. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ ನಿಯಮಗಳ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಿಂದ ಗಣನೀಯವಾಗಿ ಬದಲಾಗಿರಬಾರದು. ನಮ್ಮ ಕಾರಿಗೆ 2028ರ ನವೆಂಬರಿನಲ್ಲಿ 50 ತುಂಬುತ್ತದೆ. ಇಂದು ಕೆಲವು ಸಾವಿರ ಉಳಿಸಲು ಹೋಗಿ ಆ ಬಾಗಿಲನ್ನು ನಾವೇ ಮುಚ್ಚಿಕೊಳ್ಳುವುದು ಬೇಡವೆಂದು ತೀರ್ಮಾನಿಸಿದೆವು.

ತಗಡಿನ ಕೆಲಸ

ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಹಣ, ಅತಿ ಹೆಚ್ಚು ಸಮಯ ಮತ್ತು ಅತಿ ಹೆಚ್ಚು ತಾಳ್ಮೆ ಬೇಡಿದ್ದು ಇದೇ. 2023ರ ಮಾರ್ಚಿನಲ್ಲಿ ಆರಂಭವಾಗಿ ನವೆಂಬರಿಗೆ ಮುಗಿಯಿತು, 92,000 ರೂಪಾಯಿ ತಗುಲಿತು. ವೆಲ್ಡಿಂಗ್ ನಾವು ಮಾಡಲಿಲ್ಲ. ಉದ್ಯಮಬಾಗದಲ್ಲಿ ಯಂತ್ರಗಳ ತಗಡಿನ ಕವಚ ಮಾಡುವ ಕುಶಲಿಯೊಬ್ಬರು ಸಂಜೆ ಮನೆಗೆ ಬಂದು, ತಮ್ಮ ಸಿಒ2 ವೆಲ್ಡಿಂಗ್ ಯಂತ್ರ ತಂದು ಮಾಡಿಕೊಟ್ಟರು. ದಿನಗೂಲಿಗಿಂತ ಜಾಗದ ಲೆಕ್ಕದಲ್ಲಿ, ಅಂದರೆ ಸೀಮೆಸುಣ್ಣದ ಗುರುತು ಒಂದೊಂದಕ್ಕೂ ಬೆಲೆ ಕಟ್ಟಿ ಕೊಡುವ ಒಪ್ಪಂದ ಮಾಡಿಕೊಂಡದ್ದು ಇಬ್ಬರಿಗೂ ಒಳ್ಳೆಯದಾಯಿತು. ಯಾವುದೇ ಜಾಗಕ್ಕೆ ಪ್ರೈಮರ್ ಬಳಿಯುವ ಮುಂಚೆ ನಾನು ನೋಡಬೇಕು, ಪುಟ್ಟಿ ಹಾಕುವ ಮುಂಚೆ ಇನ್ನೊಮ್ಮೆ ನೋಡಬೇಕು ಎಂಬುದೂ ಒಪ್ಪಂದದಲ್ಲಿತ್ತು.

ಚಾಸಿ ಇಲ್ಲದ ಕಾರಿನ ಬಾಗಿಲ ಕೆಳಗಿನ ಪಟ್ಟಿಯನ್ನು ಕೊಯ್ದರೆ ಕಾರು ತನ್ನ ಭಾರಕ್ಕೆ ತಾನೇ ನಡುವೆ ಜಗ್ಗುತ್ತದೆ. ಕಣ್ಣಿಗೆ ಕಾಣದಷ್ಟು ಜಗ್ಗಿದರೂ ಸಾಕು, ಹೊಸ ಪಟ್ಟಿ ಬೆಸೆದ ಮೇಲೆ ಬಾಗಿಲು ಹಾಕಲು ಬರುವುದಿಲ್ಲ. ಅದಕ್ಕಾಗಿ ಕೊಯ್ಯುವ ಮುಂಚೆ ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಆ್ಯಂಗಲ್ ಪಟ್ಟಿಗಳನ್ನು ತಾತ್ಕಾಲಿಕವಾಗಿ ಬೆಸೆದು, ಒಂದು ಬದಿ ಪೂರ್ಣ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಮುಟ್ಟಲಿಲ್ಲ. ದಿನದ ಕೆಲಸ ಮುಗಿದ ಮೇಲೆ ಬಾಗಿಲನ್ನು ಕೂಡಿಸಿ, ಹಾಕಿ ತೆಗೆದು, ಸುತ್ತಲಿನ ಸಂದಿಯಲ್ಲಿ ನಾಲ್ಕು ಮಡಿಕೆಯ ರಟ್ಟಿನ ತುಂಡನ್ನು ಓಡಿಸಿ ನೋಡುತ್ತಿದ್ದೆವು. ಒಂದು ಸಂಜೆ ಎಡಬದಿಯ ಮೇಲ್ಮೂಲೆಯಲ್ಲಿ ರಟ್ಟು ಸಿಕ್ಕಿಬಿತ್ತು. ಅಂದು ಹಾಕಿದ ಬೆಸುಗೆಯ ಮೂರು ಟಾಕಾಗಳನ್ನು ಅವರು ಮರುಮಾತಿಲ್ಲದೆ ಕೊಯ್ದು, ಜಾಕಿನಿಂದ ಒಂದಿಷ್ಟು ಎತ್ತಿ, ಮತ್ತೆ ಬೆಸೆದರು. ಅಂಥ ಕೈಗಳಿಗೆ ಕೊಟ್ಟ 92,000ವನ್ನು ನಾನು ದುಬಾರಿ ಎನ್ನಲಾರೆ.

ಮಳೆಗಾಲದಲ್ಲಿ ತಗಡಿನ ಕೆಲಸ ನಿಧಾನವಾದಾಗ ಎಂಜಿನ್ ಕೆಲಸ ನಡೆಯಿತು. ಇಲ್ಲಿ ಹೇಳಲೇಬೇಕಾದದ್ದು ಒಂದೇ. ಕೊರೆದು ಅಗಲವಾದ ಬೋರಿಗೆ ಹೊಂದುವ ಓವರ್‌ಸೈಜ್ ಪಿಸ್ಟನ್ನುಗಳು ಮೊದಲು ಕೈಗೆ ಬರಬೇಕು, ಅವುಗಳನ್ನು ಅಳೆದು ಆಮೇಲೆ ಬೋರ್ ಮಾಡಿಸಬೇಕು. ತಯಾರಿಕೆ ನಿಂತ ಕಾರಿಗೆ ಬೇಕಾದ ಸೈಜು ಸಿಗುತ್ತದೆಂಬ ಭರವಸೆಯಲ್ಲಿ ಮೊದಲೇ ಬೋರ್ ಮಾಡಿಸಿದರೆ, ಸಿಗದಿದ್ದಾಗ ಬ್ಲಾಕ್ ವ್ಯರ್ಥವಾಗುತ್ತದೆ. ನಮಗೆ ಪಿಸ್ಟನ್ ಕೊಲ್ಹಾಪುರದಲ್ಲಿ ಸಿಕ್ಕವು, ಬೋರಿಂಗ್ ಉದ್ಯಮಬಾಗದಲ್ಲಾಯಿತು. ಎಲ್ಲ ಸೇರಿ 41,500 ರೂಪಾಯಿ, ನಾನು ಅಷ್ಟೊಂದು ಭಯಪಟ್ಟಿದ್ದ ಮೊದಲ ಅಂದಾಜಿಗಿಂತಲೂ ಕಡಿಮೆ.

ಬಣ್ಣ, ಮತ್ತು ನನ್ನ ತಪ್ಪು

2023ರ ಜುಲೈಯಲ್ಲಿ ಬಾನೆಟ್ ಮತ್ತು ಎರಡು ಬಾಗಿಲುಗಳ ತಗಡಿನ ಕೆಲಸ ಮುಗಿದಿತ್ತು. ಅವಷ್ಟಕ್ಕಾದರೂ ಬಣ್ಣ ಕಾಣಲಿ ಎಂಬ ಆಸೆಯಿಂದ, ತೆರೆದ ಶೆಡ್ಡಿನಲ್ಲಿ ಎನ್‌ಸಿ ಬಣ್ಣ (ಥಿನ್ನರ್ ಬೆರೆಸಿ ಹೊಡೆಯುವ ನೈಟ್ರೊಸೆಲ್ಯುಲೋಸ್ ಬಣ್ಣ) ಹೊಡೆಯುವ ಒಬ್ಬರಿಗೆ ಕೊಟ್ಟೆ. ಮಿಸ್ತ್ರಿಯವರು ದೀಪಾವಳಿಯವರೆಗೆ ತಡೆಯಿರಿ ಎಂದಿದ್ದರು. ಬಣ್ಣದ ಥಿನ್ನರ್ ಆರುವಾಗ ತಗಡಿನ ಮೈಯನ್ನು ತಣ್ಣಗೆ ಮಾಡುತ್ತದೆ, ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಹಸಿ ಬಣ್ಣದ ಮೇಲೆಯೇ ಕೂತು ಹಾಲಿನ ಕೆನೆಯಂಥ ಬಿಳಿ ಮಬ್ಬು ಬರುತ್ತದೆ. ನಮ್ಮ ತಿಳಿನೀಲಿಯ ಮೇಲೆ ಅದೇ ಆಯಿತು. ಪಾಲಿಶಿಗೆ ಹೋಗಲಿಲ್ಲ. ಉಜ್ಜಿ ತೆಗೆದು ಮತ್ತೆ ಮಾಡಿಸಲು 11,000 ರೂಪಾಯಿ ಮೀಸಲಿನಿಂದ ಹೋಯಿತು. ಕಾರಣದ ಅಂಕಣದಲ್ಲಿ ನಾನು "ಆತುರ" ಎಂದು ಬರೆದು ಸಹಿ ಮಾಡಿದ್ದೇನೆ.

ಉಳಿದ ಬಣ್ಣವನ್ನು 2024ರ ಜನವರಿ-ಫೆಬ್ರುವರಿಯ ಒಣ ಹವೆಯಲ್ಲಿ, ಬಣ್ಣ ಹೊಡೆಯಲೆಂದೇ ಮಾಡಿದ ಮುಚ್ಚಿದ ಬೂತ್ ಇರುವ ಕಡೆ, ಹಾರ್ಡನರ್ ಬೆರೆಸಿ ಹೊಡೆಯುವ ಪಿಯು (ಪಾಲಿಯುರಿಥೇನ್) ಬಣ್ಣದಲ್ಲಿ ಮಾಡಿಸಿದೆವು. ಪಿಯು ಬಣ್ಣದ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಮನೆಯಂಗಳದಲ್ಲಿ, ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಅದನ್ನು ಹೊಡೆಯಬಾರದು. ಹಣ ಉಳಿಸಲು ಮನೆಯಲ್ಲಿ ಮಾಡಬಹುದಾದ ಕೆಲಸಗಳ ಪಟ್ಟಿಯಿಂದ ಇದನ್ನು ಪೂರ್ತಿಯಾಗಿ ಹೊರಗಿಡಬೇಕು. ಬಣ್ಣಕ್ಕೆ, ಮಾಡಿ ಕೆಡಿಸಿದ್ದೂ ಸೇರಿ, 64,000 ಆಯಿತು. ತಗಡು ಮತ್ತು ಬಣ್ಣ ಎರಡೂ ಕೂಡಿ 1,56,000, ಒಟ್ಟು ಖರ್ಚಿನಲ್ಲಿ ನೂರಕ್ಕೆ 42ರಷ್ಟು.

ಬಿಡಿಭಾಗ, ಇಂಧನ, ಉಳಿದದ್ದು

ಪದ್ಮಿನಿಯ ಬಿಡಿಭಾಗ ಇಷ್ಟು ವರ್ಷ ಸುಲಭವಾಗಿ ಸಿಗುತ್ತಿದ್ದುದಕ್ಕೆ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳೇ ಕಾರಣ. ಟ್ಯಾಕ್ಸಿಗಳ ಆಯುಷ್ಯಕ್ಕೆ ಅಲ್ಲಿ 20 ವರ್ಷದ ಮಿತಿ ಇದ್ದುದರಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಸರಿಯಿತು. ಆ ಸುದ್ದಿ ಓದಿದ ದಿನವೇ ನಾವು ಉಳಿದ ಎಲ್ಲ ಬಿಡಿಭಾಗಗಳ ಪಟ್ಟಿ ಮಾಡಿ, ಡಿಸೆಂಬರಿನಲ್ಲಿ ರಾತ್ರಿ ಬಸ್ಸು ಹಿಡಿದು ಮುಂಬಯಿಗೆ ಹೋಗಿ ಎರಡು ದಿನ ಚೋರ್ ಬಜಾರ್ ಸುತ್ತಿ, ಬ್ರೇಕಿನ ರಬ್ಬರ್ ಕಿಟ್ಟುಗಳನ್ನು ಎರಡೆರಡು ಜೊತೆ, ಬಾಗಿಲ ಬೀಡಿಂಗು, ಮುಂದಿನ ಜಾಲರಿ, ಸ್ಪ್ರಿಂಗಿನ ಬುಶ್ಶು ಎಲ್ಲ ತಂದೆವು. ರಬ್ಬರಿನ ವಸ್ತುವನ್ನು ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಬೇಕು. ಹಳೆಯ ದಾಸ್ತಾನು ಹೊಸದಾಗಿ ಕಂಡರೂ ಗಟ್ಟಿಯಾಗಿರುತ್ತದೆ, ಅಂಥದ್ದು ಅಗ್ಗವಾದರೂ ಬೇಡ.

ಇಂಧನದ ವಿಷಯ ಬೆಳಗಾವಿಯವರಿಗೆ ವಿಶೇಷವಾಗಿ ಅರ್ಥವಾದೀತು. ನಮ್ಮ ಜಿಲ್ಲೆಯ ಕಬ್ಬಿನಿಂದಲೇ ತಯಾರಾಗುವ ಎಥೆನಾಲ್ ಈಗ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಬೆರೆಯುತ್ತದೆ. ರೈತರಿಗೆ ಅದು ಒಳ್ಳೆಯದು. ಆದರೆ ಎಪ್ಪತ್ತರ ದಶಕದ ಕಾರಿನ ರಬ್ಬರ್ ಕೊಳವೆಗಳನ್ನೂ ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪಿನೊಳಗಿನ ಪರೆಯನ್ನೂ ಅದು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳಕ್ಕೆ ನೀರು ಇಳಿಸುತ್ತದೆ. ಎಂಜಿನ್ ಪಕ್ಕದಲ್ಲಿ ಕೊಳವೆ ಸೋರಿದರೆ ಬೆಂಕಿಯ ಅಪಾಯ. ಟ್ಯಾಂಕು ತೊಳೆಸಿ, ಎಥೆನಾಲ್ ತಾಳುವ ಕೊಳವೆ ಮತ್ತು ಪರೆ ಹಾಕಿಸಲು 8,500 ಖರ್ಚಾಯಿತು.

ಉಳಿದ ಬಾಬ್ತುಗಳನ್ನು ಬೇಗ ಮುಗಿಸುತ್ತೇನೆ. ಬ್ರೇಕು, ಸಸ್ಪೆನ್ಶನ್, ಸ್ಟೀರಿಂಗಿಗೆ 31,000, ಪೂರ್ತಿ ಹೊಸ ವೈರಿಂಗಿಗೆ 16,500, ಕ್ರೋಮಿಗೆ 14,000, ಟೈರು-ಬ್ಯಾಟರಿಗೆ 25,500, ಓಡಾಟ ಮತ್ತು ಸಾಗಣೆಗೆ 10,500. ಎರಡನೆಯ ಗೇರ್ ಜಾರುತ್ತಿದ್ದುದು ರಸ್ತೆಗೆ ಇಳಿಸಿದ ಮೇಲೆಯೇ ತಿಳಿದು, ಗೇರ್‌ಬಾಕ್ಸನ್ನು ಮತ್ತೆ ಇಳಿಸಲು 9,000. ಸೀಟು, ರಬ್ಬರು, ಗಾಜಿಗೆ 31,500. ಇದರಲ್ಲಿ 8,500 ಮುಂದಿನ ಗಾಜಿನದು. ಛಾವಣಿಯ ಒಳಬಟ್ಟೆಯನ್ನು ಗಾಜಿಗಿಂತ ಮೊದಲು ಹಾಕಿಸಬೇಕಿತ್ತು. ಮರೆತು ಗಾಜನ್ನು ಮೊದಲು ಕೂಡಿಸಿ, ಮತ್ತೆ ತೆಗೆಯುವಾಗ ಮೂಲೆಯಲ್ಲಿ ಬಿರುಕು ಬಿತ್ತು.

ಕಾಗದಪತ್ರ

ಇದಕ್ಕೆ 8,000 ಸಾಕೆಂದಿದ್ದೆ, 19,500 ಆಯಿತು. ಖಾಸಗಿ ಕಾರಿನ ನೋಂದಣಿ ಮೊದಲ 15 ವರ್ಷ, ಆಮೇಲೆ ಐದೈದು ವರ್ಷ. ಅಪ್ಪ 2018ರಲ್ಲಿ ನವೀಕರಿಸಿದ್ದ ಆರ್‌ಸಿ 2023ರ ನವೆಂಬರಿಗೆ ಮುಗಿಯಿತು. ಆಗ ಕಾರು ತುಂಡುತುಂಡಾಗಿ ಹರಡಿತ್ತು, ತಪಾಸಣೆಗೆ ಒಯ್ಯುವುದು ಸಾಧ್ಯವೇ ಇರಲಿಲ್ಲ. 2022ರ ಏಪ್ರಿಲಿನಿಂದ ನವೀಕರಣ ಶುಲ್ಕ 5,000 ಆಗಿದ್ದು, ತಡವಾದ ಪ್ರತಿ ತಿಂಗಳಿಗೆ 500 ಹೆಚ್ಚುವರಿ. ಹದಿನಾಲ್ಕು ತಿಂಗಳಿಗೆ 7,000 ರೂಪಾಯಿ ಬರೀ ವಿಳಂಬಕ್ಕೆ ಹೋಯಿತು. 2025ರಲ್ಲಿ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವೇ 10,000 ಆಗಿರುವುದರಿಂದ ಇನ್ನು ಮುಂದಿನವರು ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬಿಚ್ಚಲು ಪಾನಾ ಕೈಗೆತ್ತಿಕೊಳ್ಳುವ ಮುಂಚೆ ಆರ್‌ಸಿಯ ಕೊನೆಯ ದಿನಾಂಕ ನೋಡಿ, ಅದು ಕೆಲಸದ ನಡುವೆ ಬೀಳುವಂತಿದ್ದರೆ ಕಾರು ಓಡುವ ಸ್ಥಿತಿಯಲ್ಲಿರುವಾಗಲೇ ನವೀಕರಿಸಿಕೊಳ್ಳಬೇಕು. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಲು ಬರುತ್ತದೆ. ಅಪ್ಪನ ಹೆಸರಿನಿಂದ ನನ್ನ ಹೆಸರಿಗೆ ವರ್ಗಾಯಿಸಲು ನಮೂನೆ 31, ನವೀಕರಣಕ್ಕೆ ನಮೂನೆ 25. ಅವ್ವ ಮತ್ತು ತಮ್ಮನ ಒಪ್ಪಿಗೆ ಪತ್ರಗಳನ್ನು ಮೊದಲೇ ಮಾಡಿಸಿಟ್ಟಿದ್ದರಿಂದ ಅದು ಸಲೀಸಾಯಿತು. ವಿಮೆಯಲ್ಲಿ ಕಾರಿನ ಮೌಲ್ಯವನ್ನು ಕಂಪನಿಯೊಂದಿಗೆ ಮಾತಾಡಿ ಒಪ್ಪಿಸಬೇಕಾಗುತ್ತದೆ. ಅಲ್ಲಿ ನಮ್ಮ ಖಾತೆ ಪುಸ್ತಕ, ರಸೀದಿಗಳು ಮತ್ತು ತಗಡು ಕೊಯ್ದಾಗಿನ ಫೋಟೊಗಳು ಬಹಳ ಕೆಲಸಕ್ಕೆ ಬಂದವು.

ಮೀಸಲಿನ 50,000ದಲ್ಲಿ 43,000 ಖರ್ಚಾಗಿತ್ತು: ಬಣ್ಣಕ್ಕೆ 11,000, ಗೇರ್‌ಬಾಕ್ಸಿಗೆ 9,000, ಗಾಜಿಗೆ 8,500, ವಿಳಂಬ ಶುಲ್ಕಕ್ಕೆ 7,000, ಬಿಡಿಭಾಗಗಳ ಬೆಲೆಯೇರಿಕೆ ಮತ್ತು ಸಾಗಣೆಗೆ 7,500. ಬಿಚ್ಚಿ ನೋಡಿದ ಮೇಲೆ ಹಾಕಿದ ಅಂದಾಜು ತನ್ನ ಮೀಸಲಿನೊಳಗೆ ಉಳಿಯಿತು. ಖಾತೆಯಲ್ಲಿ 3,000 ರೂಪಾಯಿ ಮಿಕ್ಕಿತು.

ಆ ಮಿಕ್ಕ ಹಣದಿಂದಲೇ ಈಗ ನಿರ್ವಹಣೆಯ ಪುಟ ಆರಂಭವಾಗಿದೆ. ಮೊದಲ ಐನೂರು ಕಿಲೋಮೀಟರ್ ಆದ ಮೇಲೆ ಎಂಜಿನ್ ಆಯಿಲ್ ಬದಲಿಸಿ, ಹೆಡ್ಡಿನ ನಟ್ಟುಗಳನ್ನೂ ಟ್ಯಾಪೆಟ್ಟನ್ನೂ ನೋಡಿಸಿದೆವು. ಮೊನ್ನೆ ಆಷಾಢದ ಮಳೆ ಮೂರು ದಿನ ಸತತವಾಗಿ ಸುರಿದು ನಿಂತ ಮೇಲೆ ನಾನು ಮ್ಯಾಟುಗಳನ್ನು ಎತ್ತಿ ನಾಲ್ಕೂ ಕಡೆ ಅಂಗೈ ಒತ್ತಿ ನೋಡಿದೆ. ಮೂರು ಕಡೆ ಒಣಗಿತ್ತು. ಚಾಲಕನ ಕಾಲ ಬಳಿ, ವೈರುಗಳು ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿನ ಕೆಳಗೆ, ಒಂದು ರೂಪಾಯಿ ನಾಣ್ಯದಷ್ಟು ತೇವ ಕಂಡಿತು. ರಬ್ಬರಿನ ಬಳೆಯೊಂದು ಜರುಗಿತ್ತು. ಖಡೇಬಜಾರದಿಂದ ಹೊಸದನ್ನು ತಂದು ಹಾಕಿ, 40 ರೂಪಾಯಿ ಎಂದು ಬರೆದೆ.